ಹೆಸರೆತ್ತಬಾರದ ರೋಗ

ಐವತ್ತು ದಾಟಿದ ಮೇಲೆ ನನಗೊಂದು ರೋಗ ಬಂತು. ಜ್ವರವಿಲ್ಲ, ನೋವಿಲ್ಲ, ಊಟ-ನಿದ್ದೆಗೆ ಅಡ್ಡಿಯಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಗಾಲ್ಫ್ ಮೈದಾನದಲ್ಲಿ ನಿಂತು ಕೋಲು ಬೀಸಿದರೆ ಸಾಕು, ನೆಟ್ಟಗೆ ಮುಂದೆ ಹೋಗಬೇಕಾದ ಚೆಂಡು ಬಲಕ್ಕೆ ಸಿಡಿದು ಪೊದೆ ಸೇರುತ್ತಿತ್ತು. ಕೋಲಿನ ತುದಿಯಲ್ಲಿ ಒಂದು ಚಪ್ಪಟೆ ಮುಖ ಇರುತ್ತದೆ. ಚೆಂಡು ಅದಕ್ಕೆ ತಾಗಬೇಕು. ಅದು ಬಿಟ್ಟು ಮುಖ ಕೋಲಿಗೆ ಕೂಡುವ ಕುತ್ತಿಗೆಗೆ ತಾಗಿದರೆ ಹೀಗಾಗುತ್ತದೆ. ಇದಕ್ಕೆ ಶ್ಯಾಂಕ್ ಎಂದು ಹೆಸರು. ಬರೆಯುವಾಗ ಈಗಲೂ ಕೈ ಸ್ವಲ್ಪ ತಡೆಯುತ್ತದೆ, ಏಕೆಂದರೆ ಗಾಲ್ಫ್ ಆಡುವವರು ಈ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಕೇಳಿದವರಿಗೂ ಅಂಟುತ್ತದಂತೆ.

ಗಾಲ್ಫ್ ಅಂದ ತಕ್ಷಣ ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳಬೇಡಿ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವವ ನಾನು. ಅಲ್ಲಿನ ಖರೀದಿ ಸಾಹೇಬರು ಆಫೀಸಿನಲ್ಲಿ ಕೈಗೆ ಸಿಗುತ್ತಿರಲಿಲ್ಲ, ಮೈದಾನದಲ್ಲಿ ಸಿಗುತ್ತಿದ್ದರು. ಅವರ ಹಿಂದೆ ಹೋಗಿ ಹೋಗಿ ಚಟ ಹತ್ತಿತು. ಸಾಹೇಬರೆಲ್ಲ ಬೇರೆ ಬೇರೆ ಊರಿಗೆ ವರ್ಗವಾದರು, ಚಟ ಮಾತ್ರ ಪುಣೆಯ ಕೊಂಢವಾ ಬಡಾವಣೆಯ ನನ್ನ ಮನೆಯಲ್ಲೇ ಉಳಿಯಿತು.

ಇದ್ದ ಚಟವನ್ನು ನಾನೊಬ್ಬನೇ ಅನುಭವಿಸಲಿಲ್ಲ, ಮಲ್ಲಣ್ಣನಿಗೂ ಹಚ್ಚಿದೆ. ಮಲ್ಲಣ್ಣ ನನ್ನ ಹೆಂಡತಿ ಗಿರಿಜಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಲೋಕದಲ್ಲಿ ಷಡ್ಡಕರ ಸಂಬಂಧ ಅಷ್ಟಕ್ಕಷ್ಟೇ. ಮಾವನ ಮನೆಯಲ್ಲಿ ಯಾರ ತಾಟಿಗೆ ಹೆಚ್ಚು ತುಪ್ಪ ಬಿತ್ತು ಎಂಬ ಲೆಕ್ಕದಲ್ಲೇ ಆಯುಷ್ಯ ಕಳೆಯುತ್ತದೆ. ನಮ್ಮದು ಹಾಗಿರಲಿಲ್ಲ. ಪುಣೆಗೆ ಒಂದೆರಡು ತಾಸಿನ ದಾರಿಯ ಶಿರೂರಿನಲ್ಲಿ ಅವರದು ಕಾಳುಕಡಿಯ ಅಡತಿ ಅಂಗಡಿ, ಅಂದರೆ ದಲ್ಲಾಳಿ ವ್ಯಾಪಾರ. ಪ್ರತಿ ಭಾನುವಾರ ನಸುಕಿನಲ್ಲೇ ಎದ್ದು, ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಪುಣೆಗೆ ಬರುತ್ತಿದ್ದರು. ಆಡುವುದು ಕಡಿಮೆ, ನಗುವುದು ಹೆಚ್ಚು. ನನಗೆ ಒಡಹುಟ್ಟಿದ ಅಣ್ಣನಿಲ್ಲ. ಆ ಜಾಗದಲ್ಲಿ ಅವರೇ ಇದ್ದರು.

ಅವರಿಗೆ ಕ್ಯಾನ್ಸರ್ ಆಯಿತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ವಿಷಯ ಹೇಳಿದರು. ಎಷ್ಟು ತಿಂಗಳು ಎಂಬುದನ್ನೂ ಹೇಳಿದರು. ಮಲ್ಲಣ್ಣ ಹೊರಗೆ ಕೂತು ಚಹಾ ಕುಡಿಯುತ್ತಿದ್ದರು. ನಮ್ಮ ಮನೆತನಗಳಲ್ಲಿ ಒಂದು ರೂಢಿ ಇದೆ: ರೋಗ ಯಾರಿಗೆ ಬಂದಿದೆಯೋ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಹೇಳುವುದು. ಗಿರಿಜಾಳ ಅಕ್ಕ ಶಾಂತಕ್ಕ ನನ್ನ ಕೈ ಹಿಡಿದು ಅತ್ತರು. "ಅವರಿಗೆ ಗೊತ್ತಾದರ ಅಂಜಿಕಿಗೇ ಹೋಗಿಬಿಡ್ತಾರ. ಹೊಟ್ಟ್ಯಾಗ ಹುಣ್ಣಾಗೇದ ಅಂತ ಹೇಳ್ರಿ." ನಾನು ಹಾಗೆಯೇ ಹೇಳಿದೆ. ಮಲ್ಲಣ್ಣ ಸರಿ ಎಂಬಂತೆ ತಲೆ ಆಡಿಸಿದರು. ಅದರ ಮುಂದಿನ ಭಾನುವಾರವೇ ನನ್ನ ಚೆಂಡು ಮೊದಲ ಸಲ ಬಲಕ್ಕೆ ಸಿಡಿದದ್ದು.

ಹೆಸರಿಗೆ ಹೆದರುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಕತ್ತಲಾದ ಮೇಲೆ ನಮ್ಮಜ್ಜಿ ಹಾವು ಅನ್ನುತ್ತಿರಲಿಲ್ಲ, ಹುಳ ಅನ್ನುತ್ತಿದ್ದಳು. ಸಿಡುಬಿಗೆ ಅಮ್ಮ ಎಂದು ಕೈಮುಗಿದವರು ನಾವು. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಹೊರಡುವಾಗ ಹೋಗುತ್ತೇನೆ ಅನ್ನದೆ ಬರುತ್ತೇನೆ ಅನ್ನುತ್ತೇವೆ. ಪುಣೆಯ ಮರಾಠಿ ವ್ಯಾಪಾರಿಯೂ ಕಡಿಮೆಯವನಲ್ಲ. ರಾತ್ರಿ ಬಾಗಿಲು ಎಳೆದು ಬೀಗ ಹಾಕಿ, ಅಂಗಡಿ 'ವಾಢವಲಂ' ಅನ್ನುತ್ತಾನೆ, ಅಂದರೆ ಬೆಳೆಸಿದೆ ಎಂದು. ಗಾಲ್ಫ್ ಕಂಡುಹಿಡಿದ ದೊರೆಗಳು ಎಲ್ಲಿಯವರೋ, ಅವರಿಗೂ ನಮ್ಮಜ್ಜಿಯ ಬುದ್ಧಿಯೇ ಇತ್ತು ಅನ್ನುವುದು ನನಗೆ ಆಶ್ಚರ್ಯ.

ಹಾಗಾಗಿ ನನ್ನ ಚೆಂಡು ಪೊದೆಗೆ ಹಾರಿದಾಗಲೆಲ್ಲ ನಮ್ಮ ಜೊತೆಯವರಿಬ್ಬರೂ ಆಕಾಶ ನೋಡುತ್ತಿದ್ದರು. ಒಬ್ಬರು ಕುಲಕರ್ಣಿ, ಕಾಲೇಜಿನಿಂದ ನಿವೃತ್ತರಾದ ಮರಾಠಿ ಮಾಸ್ತರರು. ಇನ್ನೊಬ್ಬ ಪ್ರದೀಪ, ಬೆಂಗಳೂರಿನಿಂದ ಬಂದ ಕಂಪ್ಯೂಟರ್ ಹುಡುಗ. ಮೌನ ತಡೆಯಲಾರದೆ ಒಂದು ದಿನ ಪ್ರದೀಪನೇ ನನ್ನ ಹೊಡೆತವನ್ನು ಮೊಬೈಲಿನಲ್ಲಿ ಹಿಡಿದು ತೋರಿಸಿದ. "ಅಂಕಲ್, ನಿಮ್ಮ ಬಾಡಿ ವೆಯ್ಟ್ ಎಲ್ಲಾ ಮುಂದೆ ಹೋಗ್ತಿದೆ. ಹಿಮ್ಮಡಿ ಮೇಲೆ ನಿಂತ್ಕೊಳ್ಳಿ, ಚೆಂಡಿಂದ ಸ್ವಲ್ಪ ದೂರ." ಹಿಮ್ಮಡಿಯ ಮೇಲೆ ನಿಂತೆ, ಹಿಂದಕ್ಕೆ ಬೀಳುವುದೊಂದು ಬಾಕಿ. ಚೆಂಡಿನ ಆಚೆಬದಿ ಒಂದು ಪೆಟ್ಟಿಗೆ ಇಟ್ಟು, ಅದಕ್ಕೆ ತಾಗದಂತೆ ಹೊಡೆದು ಅಭ್ಯಾಸ ಮಾಡಿ ಎಂದ. ಪೆಟ್ಟಿಗೆಗೆ ನನಗೇನು ಬರಗಾಲ! ಮನೆಯ ಗಚ್ಚಿಯ ಮೇಲೆ ನನ್ನ ಕಾರ್ಖಾನೆಯ ಗಟ್ಟಿ ಮಾಲನ್ನೇ ಇಟ್ಟು ಹೊಡೆದೆ. ಪೆಟ್ಟಿಗೆಗಳು ಹರಿದವು, ಗಿರಾಕಿಗಳಿಗೆ ನಾನು ಹೇಳುವಷ್ಟು ಗಟ್ಟಿಯಲ್ಲ ಎಂದು ತಿಳಿಯಿತು.

ಗಿರಿಜಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ನೋಡ್ರಿ, ಘಾಟೇ ಬರಲಿಲ್ಲ. ಭಾಳ ದೃಷ್ಟಿ ಆಗೇದ," ಅಂದಳು. ನಾನು ಕೆಮ್ಮುತ್ತಿದ್ದದ್ದು ಅವಳಿಗೆ ಕೇಳಿಸಲಿಲ್ಲ.

ನಗುತ್ತಾ ಬರೆಯುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ಮಲ್ಲಣ್ಣನ ಷರ್ಟು ವಾರದಿಂದ ವಾರಕ್ಕೆ ಸಡಿಲಾಗುತ್ತಿತ್ತು. ಡಾಕ್ಟರು ಹೇಳಿದ್ದ ಕಠಿಣ ಔಷಧ ಇನ್ನೂ ಶುರುವಾಗಿರಲಿಲ್ಲ. ಶುರುವಾದರೆ ಮೈದಾನಕ್ಕೆ ಬರಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರ ಪಾಲಿಗೆ ಉಳಿದದ್ದು ಕೆಲವೇ ಭಾನುವಾರಗಳು, ಅವನ್ನೂ ನಾನು ಪೊದೆಯಲ್ಲಿ ಚೆಂಡು ಹುಡುಕುತ್ತಾ ಹಾಳು ಮಾಡುತ್ತಿದ್ದೆ. ಅವರು ಬಿಸಿಲಲ್ಲಿ ನಿಂತು ಕಾಯುತ್ತಿದ್ದರು. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಒಂದು ಭಾನುವಾರ ಎಂಟನೆಯ ಗುಳಿಯ ಹತ್ತಿರ ಅವರು ಸುಸ್ತಾಗಿ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತರು. ಕುಲಕರ್ಣಿ, ಪ್ರದೀಪ ಮುಂದೆ ಹೋಗಿದ್ದರು. "ಈರಣ್ಣಾ, ಇಲ್ಲೆ ಬಾ," ಅಂದರು. ಪಕ್ಕದಲ್ಲಿ ಕೂತೆ. ನನ್ನ ಬಲಗೈ ಹಿಡಿದು, ಬೆವರು ಒರೆಸುವ ಟವೆಲನ್ನು ಎರಡೂ ಕೈಗಳ ಮೇಲೆ ಹೊದಿಸಿದರು.

ನಮ್ಮ ಕಡೆಯ ದನದ ಸಂತೆಯಲ್ಲಿ, ಹಳೆಯ ಅಡತಿಗಳಲ್ಲಿ ಸೌದಾ ಹೀಗೇ ನಡೆಯುತ್ತಿತ್ತು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ; ಎಷ್ಟು ಬೆರಳೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಮಾತು ಕಾಣುವುದಿಲ್ಲ. ಮಲ್ಲಣ್ಣ ಇದನ್ನು ಅವರಪ್ಪನಿಂದ ಕಲಿತವರು.

"ಡಾಕ್ಟರು ಎಷ್ಟ ತಿಂಗಳಾ ಅಂದ್ರು?"

"ಏನ್ ತಿಂಗಳರೀ ಅಣ್ಣಾರ? ಹೊಟ್ಟ್ಯಾಗ ಹುಣ್ಣು..."

"ಬಾಯಾಗ ಬ್ಯಾಡ. ಬಾಯಿ ಸುಳ್ಳ ಹೇಳತದ. ಹುಟ್ಟಿದಾಗಿಂದ ಕೈ ಹಿಡದ ಮಾಲು ಮಾರೀನಿ, ನಿನ್ನ ಕೈ ಕಲ್ಲಾಗೇದ ಈರಣ್ಣಾ. ಆ ಕೋಲು ಪಾಪ ಏನ್ ಮಾಡೀತು? ಬೆರಳಾಗ ಹೇಳು."

ಶಾಂತಕ್ಕನ ಮುಖ ಕಣ್ಣ ಮುಂದೆ ಬಂತು. ಆದರೂ ಅವರ ಬೆರಳುಗಳನ್ನು ಹಿಡಿದೆ. ಎಷ್ಟು ಬೆರಳು ಎಂದು ಗಿರಿಜಾಳಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಟವೆಲ್ ಕೆಳಗಿನದು ಅಲ್ಲೇ ಇರಬೇಕು. ಮಲ್ಲಣ್ಣ ಮೆಲ್ಲಗೆ ನನ್ನದೊಂದು ಬೆರಳನ್ನು ಒತ್ತಿದರು.

"ಭಾಳ ಕಡಿಮಿ ಆತು. ಇದೊಂದು ಸೇರಸು."

ನಾನು ಅತ್ತುಬಿಟ್ಟೆ. ಅವರು ನಕ್ಕರು, ಅವರ ಕಣ್ಣೂ ಒದ್ದೆಯಾಗಿತ್ತು. ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು, ಅಂಗಡಿಯಲ್ಲಿ ದರ ಕೂಗುವ ದನಿಯಲ್ಲೇ ಅಂದರು: "ಸೌದಾ ಆದಮ್ಯಾಗ ಬಾಯಿ ಬಿಟ್ಟ ಹೇಳಬೇಕು. ನಂದು ಕ್ಯಾನ್ಸರ್, ನಿಂದು ಶ್ಯಾಂಕ್. ಹೇಳೇನಿ. ಏನರೆ ಆತೇನು? ಏಳು, ಹೊಡಿ."

ಎದ್ದು ಹೊಡೆದೆ. ಅಷ್ಟು ಹೊತ್ತು ಒಬ್ಬರು ಹಿಡಿದಿದ್ದ ಕೈ, ಕೋಲನ್ನು ಹಿಂಡುವುದನ್ನು ಮರೆತಿತ್ತು. ಚೆಂಡು ನೆಟ್ಟಗೆ ಹೋಯಿತು. "ನಿಂದಾದ್ರೂ ವಾಸಿ ಆತು," ಅಂದರು ಮಲ್ಲಣ್ಣ. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಅದೇ ನನ್ನನ್ನು ಇವತ್ತಿಗೂ ಸುಡುತ್ತದೆ.

ಆಮೇಲೆ ಅವರ ಮನೆಯಲ್ಲೂ ರೋಗದ ಹೆಸರು ಬಾಯಿಗೆ ಬಂತು. ಶಾಂತಕ್ಕ ಮೊದಲು ನನ್ನ ಮೇಲೆ ಸಿಟ್ಟಾದರು. ಕದ್ದು ಅಳುವುದು ತಪ್ಪಿ ಗಂಡನೆದುರೇ ಅಳುವಂತಾದ ಮೇಲೆ ಸಿಟ್ಟು ಇಳಿಯಿತು. ಅವರಿಬ್ಬರೂ ಮಾಡಬೇಕಾದ ಮಾತುಗಳನ್ನೆಲ್ಲ ಮಾಡಿಕೊಂಡರು. ಆದರೆ ಮಲ್ಲಣ್ಣ ಕೇಳಿದ ಆ ಒಂದು ಬೆರಳು ಸಿಗಲಿಲ್ಲ. ಮೇಲಿನವನು ಚೌಕಾಶಿಗೆ ಬಗ್ಗುವ ವ್ಯಾಪಾರಿಯಲ್ಲ.

ಈಗ ಮೈದಾನದಲ್ಲಿ ನಾವು ಮೂವರು. ಅವರು ಹೋದ ಮೇಲೆ ಕುಲಕರ್ಣಿಯವರಾಗಲಿ ಪ್ರದೀಪನಾಗಲಿ ಮಲ್ಲಣ್ಣನ ಹೆಸರು ಎತ್ತಲಿಲ್ಲ. ನನಗೆ ನೋವಾದೀತೆಂದು ಅವರು, ಅವರಿಗೆ ಮುಜುಗರವಾದೀತೆಂದು ನಾನು. ಹೆಸರೆತ್ತಬಾರದ ಪಟ್ಟಿಗೆ ಹಾವು, ಸಿಡುಬು, ಶ್ಯಾಂಕ್ ಆದಮೇಲೆ ನಮ್ಮ ಮಲ್ಲಣ್ಣನೂ ಸೇರಿದರು.

ಹೋದ ಭಾನುವಾರ ಅದೇ ಬೇವಿನ ಮರದ ಹತ್ತಿರ ನನ್ನ ಚೆಂಡು ಮತ್ತೆ ಬಲಕ್ಕೆ ಸಿಡಿಯಿತು. ಇಬ್ಬರೂ ರೂಢಿಯಂತೆ ಆಕಾಶ ನೋಡಿದರು. "ಶ್ಯಾಂಕ್," ಅಂದೆ ಗಟ್ಟಿಯಾಗಿ. ಪ್ರದೀಪ ಬೆಚ್ಚಿದ. ಮಲ್ಲಣ್ಣ ಇದ್ದಿದ್ದರೆ ಎಷ್ಟು ನಗುತ್ತಿದ್ದರು ಎಂದು ಮರಾಠಿಯಲ್ಲಿ ಹೇಳಿದೆ. ಕುಲಕರ್ಣಿಯವರು ಕಟ್ಟೆಯ ಮೇಲೆ ಕೂತುಬಿಟ್ಟರು. ಆ ಶೇಂಗಾ ಚಟ್ನಿಯ ರುಚಿ ಎಲ್ಲೂ ಇಲ್ಲ ಎಂದು ಶುರು ಮಾಡಿದರು. ಮೂವರೂ ಆಟ ಬಿಟ್ಟು, ಹಿಂದಿನಿಂದ ಬಂದವರಿಗೆ ದಾರಿ ಕೊಟ್ಟು, ಮಲ್ಲಣ್ಣ ಮಲ್ಲಣ್ಣ ಎಂದು ಹೊಟ್ಟೆತುಂಬ ಮಾತಾಡಿದೆವು.

ಏಳುವಾಗ ಬೆವರು ಒರೆಸಿಕೊಳ್ಳಲು ಟವೆಲ್ ತೆಗೆದೆ. ಅದರ ಕೆಳಗೆ ನನ್ನ ಬೆರಳುಗಳು ತಾವಾಗಿಯೇ ಚಾಚಿಕೊಂಡವು, ಯಾರೋ ಹಿಡಿಯುತ್ತಾರೆ ಅಂತ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಅದೇ ಕೈಯಲ್ಲಿ, ಅಷ್ಟೇ ಸಡಿಲಾಗಿ, ಕೋಲು ಹಿಡಿದು ಹೊಡೆದೆ. ಚೆಂಡು ನೆಟ್ಟಗೆ ಹೋಯಿತೆಂದು ಕುಲಕರ್ಣಿಯವರು ಹೇಳಿದರು. ನನಗೆ ಕಾಣಲಿಲ್ಲ.