ಉಜೈರನ ಸ್ವಂತ ಧಾಟಿ

ಬೆಳಗಾವಿಯ ಮದುವೆಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಉಜೈರ ಮರಾಠಿ ಲಾವಣಿಯ ತಲೆ, ಹಿಂದಿ ಹಾಡಿನ ಸೊಂಟ, ಭಜನೆಯ ಕಾಲು ಸೇರಿಸಿ ಹೊಸ ಹಾಡು ಎಂದು ಕೊಡುತ್ತಿದ್ದ. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಊರಿನ ಕ್ಯಾಂಪ್ ಭಾಗದಲ್ಲಿ ಸಣ್ಣ ಸ್ಟುಡಿಯೋ ಇಟ್ಟಿದ್ದ ನಾಗಲಿಂಗ ತನ್ನ ತಂಗಿ ಶೀತಲಳ ಮದುವೆಗೆ ಹಾಡು ಕೇಳಿದಾಗ ಚುಚ್ಚಿದ: "ಈ ಸಲ ಕದ್ದ ಮಾಲು ಬ್ಯಾಡೋ. ನಿಂದು ಅನ್ನೂದು ಒಂದರ ಐತೇನು?"

ಮಾತು ನಾಟಿತು. ಹದಿನೈದು ದಿನ ಉಜೈರ ಯಾರ ಹಾಡನ್ನೂ ಕೇಳಲಿಲ್ಲ. ಒಂದು ಮುಂಜಾನೆ ಹಲ್ಲುಜ್ಜುತ್ತಿದ್ದಾಗ ನಾಲ್ಕು ಸ್ವರ ತಾವಾಗಿಯೇ ಬಂದವು. ಮಧ್ಯಾಹ್ನದ ಹೊತ್ತಿಗೆ ಇಡೀ ಧಾಟಿ ಕೈಗೆ ಹತ್ತಿತು. ಎಲ್ಲಿಂದ ಎತ್ತಿದ್ದಿರಬಹುದೆಂದು ಹುಡುಕಿದ, ಎಲ್ಲಿಯೂ ಸಿಗಲಿಲ್ಲ. ತನ್ನದೇ ಎಂದು ಖಾತ್ರಿಯಾದಾಗ ಕಣ್ಣು ತುಂಬಿದವು.

ಧಾಟಿಗೆ ಮದುವೆಯ ಮಾತು ಕೂಡಿಸಿ, ನಾಗಲಿಂಗನ ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಆದ ಮರುದಿನ ಖಾನಾಪುರದ ಆಚೆ ಕಾಡಿನಲ್ಲಿರುವ ಗುಂಜಿಗೆ ಹೋದ. ಅವನು ಹುಟ್ಟಿದ್ದು ಅಲ್ಲಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಗ್ಯಾಂಗ್‌ಮನ್ ಆಗಿದ್ದ ಅಪ್ಪ ರೈಲಿಗೆ ಸಿಕ್ಕು ಸತ್ತ ಮೇಲೆ ತಾಯಿ ಮಗ ಬೆಳಗಾವಿ ಸೇರಿದ್ದರು. ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ನೆರೆಮನೆಯ ಮಾಯವ್ವನಿಗೆ ಮೊದಲು ಕೇಳಿಸಬೇಕೆಂದು ಅವನ ಆಸೆ.

ಮುದುಕಿ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಹಾಕುತ್ತಿದ್ದಳು. ಮೊಬೈಲಿನಲ್ಲಿ ಹಾಡು ಶುರುವಾಗುತ್ತಲೇ ಅವಳ ಕೈ ನಿಂತಿತು.

"ಬಂದ್ ಮಾಡು."

"ಯಾಕ ಆಯಿ? ಚಲೋ ಇಲ್ಲೇನು?"

"ಇದು ಹೆಣದ ಮುಂದ ಹಾಡೂದು. ನಿಮ್ಮಪ್ಪನ್ನ ಹಳಿ ಮ್ಯಾಲಿಂದ ತಂದು ಮಲಗಿಸಿದಾಗ ನಾನ ಹಾಡಿದ್ದೆ. ನಿಮ್ಮವ್ವಗ ದನಿ ಹೊಂಡಲಿಲ್ಲ. ನೀ ನನ್ನ ತೊಡಿ ಮ್ಯಾಲ ಕುಂತಿದ್ದಿ. ಅಳಲಿಲ್ಲ, ಸುಮ್ನ ಕೇಳಕೋಂತ ಕುಂತಿದ್ದಿ." ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟಳು. "ಮದುವಿ ಮನ್ಯಾಗ ಇದನ್ನ ಎಬ್ಬಸಬ್ಯಾಡ, ತಮ್ಮಾ."

ವಾಪಸು ಬರುವಾಗ ಕಾಡು ಮುಗಿಯುವವರೆಗೆ ನೆಟ್‌ವರ್ಕ್ ಇರಲಿಲ್ಲ. ಖಾನಾಪುರದಲ್ಲಿ ಸಿಕ್ಕಿತು. ನಾಗಲಿಂಗ ಲಗ್ನಪತ್ರಿಕೆಯ ಜೊತೆಗೇ ಹಾಡನ್ನು ಎಲ್ಲರ ಮೊಬೈಲಿಗೂ ಕಳಿಸಿಬಿಟ್ಟಿದ್ದ. ಉಜೈರ ಬೆಳಗಾವಿಯಲ್ಲಿ ಇಳಿದವನೇ ಸೀದಾ ಸ್ಟುಡಿಯೋಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾಗಲಿಂಗ ಮೊಬೈಲ್ ಕೆಳಗಿಟ್ಟ. ಎದ್ದು ಬಾಗಿಲು ಹಾಕಿದ.

"ಯಾರ ಮುಂದೂ ಹೇಳಬ್ಯಾಡ. ಶೀತಲಳ ಮುಂದಂತೂ ಬ್ಯಾಡ. ಆ ದಿನ ನೀ ಬ್ಯಾರೆ ಏನರ ನುಡಸು, ಮುಗೀತು."

ಮದುವೆಯ ದಿನ ಸಾಂಬ್ರಾದ ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಶೀತಲ ಅವನತ್ತ ತಿರುಗಿ ಕಣ್ಣಲ್ಲೇ ಹಾಡು ಕೇಳಿದಳು. ಉಜೈರ ಬೇರೆ ಯಾರದೋ ಹಳೆಯ ಹಾಡೊಂದನ್ನು ಎತ್ತಿಕೊಂಡ. ಆದರೆ ಅವನ ಹಾಡನ್ನು ತಿಂಗಳಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಹೆಂಗಸರು ಅವನಿಗಾಗಿ ಕಾಯಲಿಲ್ಲ. ತಾವೇ ಶುರು ಮಾಡಿದರು. ಉಜೈರ ನುಡಿಸುವುದನ್ನು ನಿಲ್ಲಿಸಿದ. ತಾಳವಿಲ್ಲ, ವಾದ್ಯವಿಲ್ಲ, ಮೂವತ್ತು ಬರಿಗಂಟಲು. ಹಾಡು ನಿಧಾನವಾಯಿತು. ಪ್ರತಿ ಸಾಲಿನ ಕೊನೆಗೆ ದನಿಗಳು ಒಟ್ಟಾಗಿ ಕೆಳಕ್ಕೆ ಜಾರತೊಡಗಿದವು.

ಗಂಡಿನ ಅಜ್ಜಿ ಖಾನಾಪುರದ ಕಾಡಂಚಿನ ಹಳ್ಳಿಯವಳು. ಅಕ್ಷತೆ ಹಿಡಿದಿದ್ದ ಮುಷ್ಟಿಯನ್ನು ಕೆಳಗಿಳಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಜನರನ್ನು ಸರಿಸಿಕೊಂಡು ಹೋಗಿ, ಮೊಮ್ಮಗನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದು ನಿಂತಳು.