ಅಜ್ಜ ತಂದ ಪೊಟ್ಟಣ

ಹೋದ ತಿಂಗಳು ನಾನು ಬೀದರಿನ ಒಂದು ಮೆಡಿಕಲ್ ಅಂಗಡಿಯಲ್ಲಿ ನಿಂತು ಗಾಂಜಾ ಕೇಳಿದೆ.

ನಗಬೇಡಿ. ಕೈಯಲ್ಲಿ ಡಾಕ್ಟರ ಚೀಟಿ ಇತ್ತು. ಓದುವುದಾದರೆ ಪೂರ್ತಿ ಓದು, ಜೋರಾಗಿ ಓದು ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಹಾಗೇ ಓದಿದೆ. ಅಂಗಡಿಯವನಿಗೆ ಔಷಧಿಯ ಹೆಸರು ತಿಳಿಯಲಿಲ್ಲ. ಗಾಂಜಾ ಗಿಡದಿಂದ ತೆಗೆದ ಎಣ್ಣೆ, ಮಕ್ಕಳ ಫಿಟ್ಸಿಗೆ ಎಂದು ಬಿಡಿಸಿ ಹೇಳಿದೆ. ಪಕ್ಕದಲ್ಲಿ ಕೆಮ್ಮಿನ ಸಿರಪ್ ಕೇಳುತ್ತಿದ್ದ ಹಿರಿಯರು ಎರಡು ಹೆಜ್ಜೆ ಆಚೆ ಸರಿದರು.

“ವೈನಿ, ಜರಾ ಸಣ್ಣಗ ಮಾತಾಡ್ರಿ. ನಾ ಮಕ್ಕಳು ಮರಿ ಇರಾಂವ,” ಎಂದ ಅಂಗಡಿಯವನು. ಬಿಸಿ ತವೆ ತಳ್ಳುವವನಂತೆ ಚೀಟಿಯನ್ನು ಎರಡೇ ಬೆರಳಲ್ಲಿ ಹಿಂದಕ್ಕೆ ತಳ್ಳಿದ.

ಚೀಟಿ ನನ್ನದಲ್ಲ, ಶ್ರಾವಣಿಯದು. ನಮ್ಮ ಮನೆಯ ಹಿಂದಿನ ಎರಡು ಖೋಲಿಯಲ್ಲಿ ಬಾಡಿಗೆಗಿರುವ ಮಹಾನಂದಾಳ ಮಗಳು. ಏಳು ವರ್ಷ. ಅಪ್ಪ ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ, ಮಹಾನಂದಾ ಬ್ಲೌಸ್ ಹೊಲಿಯುತ್ತಾಳೆ. ಮಗಳಿಗೆ ಫಿಟ್ಸ್ ಬಂದಾಗಲೆಲ್ಲ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಮಷಿನ್ನಿನ ಹಲಗೆಯ ಮೇಲೆ ಒಂದು ಗೀರು ಎಳೆಯುತ್ತಾಳೆ. ಲೆಕ್ಕ ಇಡಿ ಎಂದು ಡಾಕ್ಟರು ಹೇಳಿದ್ದಾರಲ್ಲ? ಸಂಜೆ ನೋಟ್‌ಬುಕ್ಕಿಗೆ ಇಳಿಸಿ ಒರೆಸುತ್ತಾಳೆ. ಒರೆಸಿ ಒರೆಸಿ ಆ ಹಲಗೆಯ ಅಂಚು ಬೆಳ್ಳಗಾಗಿ ಉಳಿದುಬಿಟ್ಟಿದೆ.

ಎಲ್ಲ ಫಿಟ್ಸೂ ನೆಲಕ್ಕೆ ಕೆಡವುವುದಿಲ್ಲ. ಕೆಲವಕ್ಕೆ ತಲೆ ಒಮ್ಮೆ ಜೋಲುತ್ತದೆ, ಕೈಯ ಚಮಚ ಜಾರುತ್ತದೆ, ಅಷ್ಟೇ. ಆಮೇಲೆ ಆ ಹುಡುಗಿ ಬೇರೆ ಯಾರೋ ಬೀಳಿಸಿದರೇನೋ ಎಂಬಂತೆ ಚಮಚವನ್ನೇ ನೋಡುತ್ತಾಳೆ. ಆ ನೋಟ ನನಗೆ ಸಹಿಸಲಾಗುವುದಿಲ್ಲ.

ಐದು ಥರದ ಮಾತ್ರೆ ಸೋತ ಮೇಲೆ ಹೈದರಾಬಾದಿನ ಡಾಕ್ಟರು ಈ ಎಣ್ಣೆ ಬರೆದರು. ಇದರಲ್ಲಿ ನಶೆಯಿಲ್ಲ ಎಂದರು. ಸಂಜೀವಿನಿಯೂ ಅಲ್ಲ, ಕೆಲವು ಮಕ್ಕಳಿಗೆ ಫಿಟ್ಸ್ ತಗ್ಗುತ್ತವೆ, ನೋಡೋಣ ಎಂದರು. ಆದರೆ ಮಗುವಿನ ಹೆಸರಿನಲ್ಲಿ ಅನುಮತಿ ಪಡೆದು ವಿದೇಶದಿಂದ ತರಿಸಬೇಕು. ಆನ್‌ಲೈನಿನಲ್ಲಿ ಸಿಗುವ ಎಣ್ಣೆಗಳಿವೆ, ಆದರೆ ಯಾವ ಬಾಟಲಿಯಲ್ಲಿ ಎಷ್ಟು ಅಂಶ ಎಂದು ನಾನು ಭರವಸೆ ಕೊಡಲಾರೆ ಎಂದೂ ಹೇಳಿದರು.

ಅರ್ಜಿ ಹಾಕಿದೆವು. (ಇಂಗ್ಲಿಷ್ ಬರುತ್ತದೆಂದು ತುಂಬುವ ಕೆಲಸ ನನ್ನದು.) ಡಾಕ್ಟರ ಸೀಲು ಮಸುಕಾಗಿದೆ ಎಂದು ವಾಪಸ್ ಬಂತು. ಮತ್ತೆ ಹಾಕಿದೆವು. ಫಾರ್ಮು ಹಳೆಯದು ಎಂದು ವಾಪಸ್ ಬಂತು. ಅಷ್ಟರಲ್ಲಿ ಏಳು ತಿಂಗಳು. ಇಲ್ಲೇ ಎಲ್ಲಾದರೂ ಸಿಕ್ಕೀತೆಂದು ನಾನು ಬೀದರಿನಲ್ಲಿ ಕೇಳಿದೆ, ಭಾಲ್ಕಿಯಲ್ಲಿರುವ ಮಹಾನಂದಾಳ ಅಣ್ಣ ಅಲ್ಲಿನ ಅಂಗಡಿಗಳನ್ನೆಲ್ಲ ಸುತ್ತಿದ. ಇದನ್ನು ಕೇಳುವುದಾದರೆ ಠಾಣೆಯಲ್ಲಿ ಕೇಳು ಎಂದು ಒಬ್ಬ ನಕ್ಕನಂತೆ.

ಈ ನಡುವೆ ಮಹಾನಂದಾ ಮಗಳನ್ನು ಕರೆದುಕೊಂಡು ಔರಾದ ತಾಲ್ಲೂಕಿನ ಎಕಂಬಾಕ್ಕೆ, ಗಂಡನ ಊರಿಗೆ ಹೋದಳು. ಅಲ್ಲಿ ಅವಳ ಮಾವ ಬೀರಪ್ಪ ಕುರಿ ಸಾಕಿದ್ದಾರೆ. ಔಷಧಿ ಯಾತರದು ಎಂದು ಅಜ್ಜ ಕೇಳಿದರು, ಸೊಸೆ ಗಿಡದ ಹೆಸರು ಹೇಳಿದಳು. ಅಷ್ಟೇ ಸಾಕಾಯಿತು.

ಕುರಿ ಸುತ್ತು ತಿರುಗಿ ಬಿದ್ದರೆ ಆ ಅಜ್ಜ ಏನು ಮಾಡುತ್ತಾರೆ? ಸೊಪ್ಪು ಅರೆದು ಬಿದಿರಿನ ಗೊಟ್ಟದಲ್ಲಿ ಬಾಯಿಗೆ ಹೊಯ್ಯುತ್ತಾರೆ. ಜೀವಮಾನವಿಡೀ ಕಲಿತ ವೈದ್ಯ ಅದು. ಮರುದಿನ ಬೆಳಗ್ಗೆ ಯಾರೋ ಬೈರಾಗಿಯ ಹತ್ತಿರ ಹೋಗಿ ಒಂದು ಪೊಟ್ಟಣ ತಂದರು. ಅರೆದರು, ಸೋಸಿದರು. ಮೊಮ್ಮಗಳಿಗೆ ಗೊಟ್ಟ ಬೇಡವೆಂದು, ಹಾಲಿಗೆ ಬೆಲ್ಲ ಹಾಕಿ ಲೋಟದಲ್ಲಿ ಕುಡಿಸಿದರು.

ಶ್ರಾವಣಿ ಮಲಗಿದಳು. ಮಧ್ಯಾಹ್ನವಾದರೂ ಏಳಲಿಲ್ಲ. ಔರಾದಕ್ಕೆ ಒಯ್ದರು, ಅಲ್ಲಿಂದ ಬೀದರಿಗೆ. ಕಣ್ಣು ತೆರೆಯುವಷ್ಟರಲ್ಲಿ ಮರುದಿನ. ತೆರೆದದ್ದೇ ತಡ, ಒಂದರ ಹಿಂದೊಂದು ಫಿಟ್ಸ್.

ನಾನು ಫ್ಲಾಸ್ಕಿನಲ್ಲಿ ಚಹಾ ಹಿಡಿದು ಆಸ್ಪತ್ರೆಗೆ ಹೋದಾಗ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಅಜ್ಜನಿಗೆ ಬೈಯುತ್ತಿದ್ದರು. ಮಗು ಸಾಯುತ್ತಿತ್ತು, ಇದು ಪೊಲೀಸ್ ಕೇಸು ಅಂತ. ಅಜ್ಜ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಅದರ ಮಡಿಕೆಯಲ್ಲಿ ಕುರಿಯ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

“ದೊಡ್ಡ ಡಾಕ್ಟರೇ ಬರ್ದಾರಂತ್ರಿ ಸಾಹೇಬ್ರ. ನಿಮ್ಮ ಅಂಗಡ್ಯಾಗ ಇಲ್ಲಂದ್ರಿ. ಎಲ್ಲಿ ಇತ್ತು ಅಲ್ಲಿಂದ ತಂದೀನ್ರಿ,” ಎಂದರು. ಕೈ ಮುಗಿದು, “ನಂಗ ಠಾಣಾಕ್ಕ ಒಯ್ರಿ. ಖರೇ, ಪೋರಿಗಿ ದವಾ ಕೊಡ್ರಿ.”

ಡಾಕ್ಟರು ಮಗುವಿನ ನಾಡಿ ನೋಡಲು ತಿರುಗಿದರು.

ಅಜ್ಜ ಮಾಡಿದ್ದು ತಪ್ಪು. ದೊಡ್ಡ ತಪ್ಪು. ಓದುವ ತಾಯಂದಿರೇ, ಹಸಿ ಸೊಪ್ಪಾಗಲಿ, ಒಣಗಿದ್ದಾಗಲಿ ಔಷಧಿಯಲ್ಲ, ವಿಷ. ದಯವಿಟ್ಟು ಮಗುವಿನ ಹತ್ತಿರಕ್ಕೂ ತರಬೇಡಿ. ಆದರೆ ನನ್ನ ಸಿಟ್ಟು ಬೇರೆಯದರ ಮೇಲೆ. ವಿಷ ತರಲು ಎಪ್ಪತ್ತರ ಅಜ್ಜನಿಗೆ ಎಷ್ಟು ಹೊತ್ತು ಬೇಕಾಯಿತು? ಒಂದು ಮುಂಜಾನೆ. ಅದೂ ನಡೆದುಕೊಂಡು. ಔಷಧಿ ತರಲು ನಮಗೆ ಏಳು ತಿಂಗಳು ಸಾಲಲಿಲ್ಲ.

ಹಿಡಿದ ಗಾಂಜಾ ಮೂಟೆಗಳಿಗೆ ಬೆಂಕಿ ಇಟ್ಟ ಫೋಟೊ ಪೇಪರಿನಲ್ಲಿ ನೋಡುತ್ತಿರುತ್ತೇನೆ. ಸುಡಲಿ, ಸಂತೋಷ. ಬೀದಿಯಲ್ಲಿ ಗಾಂಜಾ ಮಾರಿ ಎಂದು ಯಾರು ಕೇಳಿದರು? ಅಫೀಮಿನಿಂದ ಮಾಡಿದ ನೋವಿನ ಔಷಧಿಗೆ ಆಸ್ಪತ್ರೆಯಲ್ಲಿ ಬೀಗ ಇದೆ, ರಿಜಿಸ್ಟರ್ ಇದೆ. ಇದಕ್ಕೂ ಅದನ್ನೇ ಇಡಿ. ಒಂದು ಬೀಗ, ಒಂದು ರಿಜಿಸ್ಟರ್, ಜಿಲ್ಲೆಯಲ್ಲಿ ಒಂದು ಜಾಗ. ಚಿಲುಮೆ ಸೇದುವವನನ್ನೂ ಏಳು ವರ್ಷದ ಹುಡುಗಿಯನ್ನೂ ಬೇರೆ ಬೇರೆ ಗುರುತಿಸಲಾಗದಷ್ಟು ಕಣ್ಣು ಮಂಜಾಗಿದೆಯೇ ಈ ಕಾನೂನಿಗೆ?

ತರಕಾರಿಯವಳ ಹತ್ತಿರವೂ ಚೌಕಾಸಿ ಮಾಡದವಳು ನಾನು. ಇಷ್ಟು ಜೋರಾಗಿ ಬರೆದದ್ದಕ್ಕೆ ನನಗೇ ಆಶ್ಚರ್ಯ.

ಶನಿವಾರ ಶ್ರಾವಣಿ ಮನೆಗೆ ಬಂದಳು. ಮಹಾನಂದಾ ಮಷಿನ್ನಿನ ಮುಂದೆ ಕುಳಿತು, ತಲೆ ಎತ್ತದೆ, “ಮಾವಗ ಯಾರೂ ಏನೂ ಅನಬ್ಯಾಡ್ರಿ ವೈನಿ. ನಾವು ಅರ್ಜಿ ಹಾಳಿ ಕಳಿಸಿ ಹಾದಿ ಕಾಯ್ಕೋತ ಕುಂತಿದ್ವಿ. ಅವ್ರು ಎದ್ದು ಹೋದ್ರು,” ಎಂದಳು.

ಮೂರನೆಯ ಸಲ ಅರ್ಜಿ ತುಂಬಲು ಕುಳಿತಿದ್ದೇನೆ. ಹೊಸ ಫಾರ್ಮಿನಲ್ಲಿ ಒಂದು ಕಾಲಂ ಇದೆ. ಔಷಧಿ ತುರ್ತಾಗಿ ಬೇಕಿದ್ದರೆ ಕಾರಣ ತಿಳಿಸಿ ಎಂದು. ಪೆನ್ನಿನ ಮುಚ್ಚಳ ತೆಗೆದು ಯೋಚಿಸುವಷ್ಟರಲ್ಲಿ ಅಂಗಳದಲ್ಲಿ ಶ್ರಾವಣಿ ಎರಡು ಸಲ ಬಿದ್ದಳು.

ನೀವೇ ಹೇಳಿ, ಇನ್ನು ಯಾವ ಕಾರಣ ಬರೆಯಲಿ?