ಹಿಂದಿನ ಎಡಗಡೆಯ ಸ್ಪೀಕರು

ಕೊಪ್ಪಳದಿಂದ ಗಂಗಾವತಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಕೆಡಬಹುದಾದದ್ದನ್ನೆಲ್ಲ ನಾನು ಹಿಂದಿನ ದಿನವೇ ಯೋಚಿಸಿ ಮುಗಿಸಿದ್ದೆ. ಬಸ್ಸು ಗಿಣಿಗೇರಿಯ ಹತ್ತಿರ ಕೆಟ್ಟು ನಿಲ್ಲಬಹುದು. ನಿಲ್ಲದಿದ್ದರೆ ಕಿಟಕಿಯ ಬಿಸಿಲು ನನ್ನ ಚೀಲದ ಮೇಲೆ ಬಿದ್ದು, ಚೀಲದೊಳಗಿನ ಡಬ್ಬಿಯೊಳಗೆ ರೇಷ್ಮೆಯ ಖಣದಲ್ಲಿ ಸುತ್ತಿಟ್ಟ ಡಿಸ್ಕು ಹಪ್ಪಳದಂತೆ ಬಾಗಬಹುದು. ಅಂದು ಶನಿವಾರವಾದ್ದರಿಂದ ಹನುಮನಹಳ್ಳಿಗೆ ಹೋಗಿ ಬೆಟ್ಟ ಹತ್ತುವ ಭಕ್ತರು ಬಸ್ಸನ್ನು ತುಂಬಿಕೊಂಡು, ಅವರಲ್ಲೊಬ್ಬ ಮಹಾಕಾಯರು ನನ್ನ ತೊಡೆಯ ಮೇಲಿನ ಚೀಲವನ್ನು ಆಸನವೆಂದು ಭ್ರಮಿಸಬಹುದು. ಗಂಗಾವತಿಯಲ್ಲಿ ಕರೆಂಟು ಇಲ್ಲದಿರಬಹುದು. ಇದ್ದರೆ ಅಗತ್ಯಕ್ಕಿಂತ ಹೆಚ್ಚು ಉತ್ಸಾಹದಿಂದ ಬಂದು ಪ್ಲೇಯರನ್ನು ಸುಡಬಹುದು. ಅಲ್ಲಿ ಡಿಸ್ಕು ಹಚ್ಚಿ ಕೇಳಿಸಲಿದ್ದ ವಿರುಪಣ್ಣನವರಿಗೆ ಬಿ.ಪಿ. ಇದೆ, ನಾನು ತಲುಪುವಷ್ಟರಲ್ಲಿ ಏನಾದರೂ ಆಗಿ, ಡಿಸ್ಕು ಹಿಡಿದು ಹೋದವನು ಹೂವಿನ ಹಾರ ಹಿಡಿದು ನಿಲ್ಲಬೇಕಾಗಬಹುದು. ಇಷ್ಟೂ ವರ್ಷ ಕತ್ತಲೆಯಲ್ಲಿದ್ದ ಡಿಸ್ಕಿನ ಬೆಳ್ಳಿಯ ಮೈಗೆ ಬೂಸರು ಹಿಡಿದಿರಬಹುದು. ಎಲ್ಲವೂ ನೆಟ್ಟಗಿದ್ದು ನನ್ನ ಕಿವಿಯೇ ಕೈಕೊಡಬಹುದು. ಹೆಂಡತಿ ಕರೆದದ್ದು ನನಗೆ ಕೇಳಿಸುವುದಿಲ್ಲವೆಂಬ ಆರೋಪ ಮೊದಲಿನಿಂದಲೂ ಇದೆ. ಆ ದೋಷ ವೈದ್ಯಶಾಸ್ತ್ರಕ್ಕೆ ಸೇರಿದ್ದೋ ದಾಂಪತ್ಯಶಾಸ್ತ್ರಕ್ಕೆ ಸೇರಿದ್ದೋ ಇನ್ನೂ ತೀರ್ಮಾನವಾಗಿಲ್ಲ.

ಒಂದು ಡಿಸ್ಕಿಗೆ ಇಷ್ಟು ಆತಂಕವೇ ಎಂದು ನೀವು ಕೇಳುವುದು ನ್ಯಾಯ. ಆ ಡಿಸ್ಕಿನಲ್ಲಿ ನನ್ನ ಅಪ್ಪನ ದನಿ ಇದೆ. ಅಪ್ಪ ಈಗಿಲ್ಲ. ಅವನ ದನಿ ಈ ಭೂಮಿಯ ಮೇಲೆ ಬೇರೆಲ್ಲೂ ಉಳಿದಿಲ್ಲ. ಮತ್ತು ಆ ಡಿಸ್ಕನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಹೀಗೂ ಉಂಟೇ ಎಂದರೆ, ಅದಕ್ಕೆ 1997ಕ್ಕೆ ಹೋಗಬೇಕು. ಆಗ ನಾನು ಕುಷ್ಟಗಿಯ ಒಂದು ಪ್ರೌಢಶಾಲೆಯಲ್ಲಿ ಹೊಸ ಮಾಸ್ತರ. ಹೆಂಡತಿಯಿರಲಿಲ್ಲ, ಬಿ.ಪಿ.ಯೂ ಇರಲಿಲ್ಲ, ಚಿಂತೆ ಮಾತ್ರ ಆಗಲೇ ಇತ್ತು. ಭಾನುವಾರ ಬಂತೆಂದರೆ ಕನಕಗಿರಿಯ ಮೇಲೆ ಹಾದು ಬರುವ ಬಸ್ಸು ಹಿಡಿದು ಗಂಗಾವತಿಗೆ ಹೊರಡುತ್ತಿದ್ದೆ. ಅಲ್ಲಿ ವಿರುಪಣ್ಣನವರ ಹಾಡಿನ ಅಂಗಡಿಯಿತ್ತು. ಇವರು ಕಾರಟಗಿಯ ಅಕ್ಕಿ ಗಿರಣಿಯ ಮನೆತನದವರು. ಗಿರಣಿಯ ಸದ್ದಿನಲ್ಲಿ ಬೆಳೆದವರಿಗೆ ಸಾಮಾನ್ಯವಾಗಿ ಕಿವಿ ಮಂದವಾಗುತ್ತದೆ. ಇವರಿಗೆ ಮಾತ್ರ ಹೊಟ್ಟಿನಿಂದ ಅಕ್ಕಿಯನ್ನು ಬೇರ್ಪಡಿಸುವಂತೆ ಗದ್ದಲದಿಂದ ನಾದವನ್ನು ಬೇರ್ಪಡಿಸುವ ಶಕ್ತಿ ಬಂದಿತ್ತು. ಅಣ್ಣತಮ್ಮಂದಿರಿಗೆ ಗಿರಣಿ ಬಿಟ್ಟುಕೊಟ್ಟು ಹತ್ತು ಅಡಿ ಅಗಲದ ಅಂಗಡಿ ತೆರೆದರು. ಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ. ಕೆಲ ವರ್ಷಗಳಲ್ಲಿ ಸರೌಂಡ್ ಸೌಂಡಿನ ಡಿಸ್ಕುಗಳು ಬಂದವು. ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಮೂಲೆಯಲ್ಲಿ ಗುಡುಗುವ ಪೆಟ್ಟಿಗೆಯೊಂದು, ನಡುವೆ ಕುಳಿತವನ ಸುತ್ತ ಹಾಡು ಪ್ರದಕ್ಷಿಣೆ ಹಾಕುವ ಆ ಹೊಸ ಸಂಪ್ರದಾಯಕ್ಕೆ ವಿರುಪಣ್ಣನವರು ನಮ್ಮ ಸೀಮೆಯ ಮೊದಲ ದೀಕ್ಷಿತರು.

ಅಂಗಡಿಯ ಹಿಂಭಾಗದಲ್ಲಿ ಆ ಐದು ಸ್ಪೀಕರುಗಳ ನಡುವೆ ಒಂದು ಕುರ್ಚಿ ಇತ್ತು. ಪಕ್ಕದ ಕ್ಷೌರದಂಗಡಿಯವನು ಹೊಸದು ತಂದಾಗ ಇವರು ಕೊಂಡ ಹಳೆಯ ತಿರುಗುವ ಕುರ್ಚಿ. ಗಿರಾಕಿಗಳು ಹಾಡಿನ ಹುರುಪಿಗೆ ತಿರುಗಿಬಿಟ್ಟರೆ ಹಿಂದಿನದು ಮುಂದಾಗಿ ಮುಂದಿನದು ಹಿಂದಾಗುತ್ತಿತ್ತಾದ್ದರಿಂದ ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದಿದ್ದರು. "ಕುಂತು ಒಂದು ಹಾಡು ಪೂರಾ ಕೇಳದ ಯಾರೂ ಡಿಸ್ಕ್ ಒಯ್ಯಂಗಿಲ್ರಿ" ಎಂಬುದು ಅಂಗಡಿಯ ಶಾಸನ. ಅವಸರದ ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು. ಇವರು ಬೇಸರಪಡದೆ ಅವರ ಬೆನ್ನಿಗೊಂದು ನಮಸ್ಕಾರ ಹಾಕುತ್ತಿದ್ದರು. ಒಮ್ಮೆ ಭತ್ತದ ರೈತರೊಬ್ಬರು ಕಣ್ಣು ಮುಚ್ಚಿ ಕುಳಿತಿದ್ದಾಗ ಡಿಸ್ಕಿನಲ್ಲಿ ಹಿಂದಿನ ಎರಡೂ ಸ್ಪೀಕರುಗಳಿಂದ ಮಳೆ ಸುರಿಯತೊಡಗಿತು. ಆ ಪುಣ್ಯಾತ್ಮರು ದಿಗ್ಗನೆದ್ದು, ರಸ್ತೆಯ ಮೇಲೆ ಒಣಗಲು ಹಾಕಿದ್ದ ಭತ್ತಕ್ಕೆ ತಾಡಪತ್ರಿ ಹೊದಿಸಲು ಓಡಿಯೇ ಹೋದರು. ಸರೌಂಡ್ ಸೌಂಡಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾರೂ ಕೊಟ್ಟಿರಲಾರರು.

ನಾನು ಆ ಕುರ್ಚಿಯಲ್ಲಿ ಕುಳಿತು ಕುಳಿತು ನಲವತ್ತಕ್ಕೂ ಹೆಚ್ಚು ಡಿಸ್ಕು ಕೂಡಿಹಾಕಿದೆ. ಕುಷ್ಟಗಿಯ ನನ್ನ ಕೋಣೆಯಲ್ಲಿದ್ದದ್ದು ಎರಡೇ ಸ್ಪೀಕರಿನ ಸೆಟ್ಟು. ಐದು ಬಾಯಿಗಳ ಮಾತನ್ನು ಎರಡು ಬಾಯಿಗೆ ತುರುಕಿದರೆ ಡಿಸ್ಕಿಗೆ ಅವಮಾನವೆಂದು, ಮೇಲಾಗಿ ಗೀರು ಬೀಳುವ ಭಯಕ್ಕೆ, ಒಂದನ್ನೂ ಹಚ್ಚಲಿಲ್ಲ. ಆಮೇಲೆ ಮನೆತುಂಬಿದ ಹೆಂಡತಿ ಈ ಸಂಗ್ರಹವನ್ನು ಪರಿಶೀಲಿಸಿ, "ಕೇಳಾಕ ತಂದೀರೋ, ಪೂಜಿ ಮಾಡಾಕೋ?" ಎಂದು ಕೇಳಿದಳು.

ಇನ್ನು ಅಪ್ಪನ ಡಿಸ್ಕು. ನಮ್ಮೂರು ಯಲಬುರ್ಗಾ ಸೀಮೆಯ ಮಂಗಳೂರು. ಕಡಲಿರುವ ಆ ಇನ್ನೊಂದಲ್ಲ, ಎರೆಹೊಲವಿರುವ ಇದು. ಅಲ್ಲಿಯ ಭಜನಾ ಮೇಳದ ವಿಷಯ ಕುರ್ಚಿಯಲ್ಲಿ ಕುಳಿತು ಒಮ್ಮೆ ಹೇಳಿದ್ದೇ ತಡ, ವಿರುಪಣ್ಣನವರಿಗೆ ಹುಚ್ಚು ಹತ್ತಿತು. ಗುಡಿಯ ಅಂಗಳದ ನಾಲ್ಕು ಮೂಲೆಗೆ ನಾಲ್ಕು ಮೈಕು ನೆಟ್ಟು, ಮೇಳವನ್ನು ನಡುವೆ ದುಂಡಗೆ ಕೂರಿಸಿ ಹಿಡಿಯಬೇಕು. "ಇದು ಭಜನಿ ಕೇಳೋದಲ್ರಿ ಮಾಸ್ತರ್ರ, ಭಜನ್ಯಾಗ ಹೋಗಿ ಕುಂದ್ರೋದು" ಎಂದರು. ಹಾಗೆ ನಮ್ಮೂರಿನ ಭಜನೆ, ಊರಿನಲ್ಲಿ ಯಾರ ಮನೆಯಲ್ಲೂ ಕೇಳಲಾಗದ ವಿಧಾನದಲ್ಲಿ ಧ್ವನಿಮುದ್ರಣವಾಯಿತು.

ಆ ದಿನ ಸದ್ದು ಆಗದಂತೆ ನೋಡಿಕೊಳ್ಳುವ ಹೊಣೆ ನನಗೆ ಬಂತು. ನನ್ನಂಥವನಿಗೆ ಅಂಥ ಹೊಣೆ ಕೊಡುವುದೆಂದರೆ ಒಣಹುಲ್ಲಿಗೆ ಕಡ್ಡಿಪೆಟ್ಟಿಗೆ ಕೊಟ್ಟಂತೆ. ರಾತ್ರಿಯ ಭಜನೆಯನ್ನು ಮಧ್ಯಾಹ್ನಕ್ಕೆ ತಂದೆ, ಕರೆಂಟಿನ ಭರವಸೆಯಿಲ್ಲವೆಂದು. ಹಿಟ್ಟಿನ ಗಿರಣಿ ನಿಲ್ಲಿಸಿದೆ. ಎತ್ತುಗಳ ಕೊರಳಗಂಟೆ ಬಿಚ್ಚಿಸಿದೆ. ಕೆಮ್ಮುವ ಮುದುಕಿಯರಿಗೆ ಕಲ್ಲುಸಕ್ಕರೆ ಹಂಚಿದೆ. ಎಲ್ಲಿ ಯಾರು ಬಾಯಿ ತೆರೆದರೂ ನನ್ನ ಬೆರಳು ತುಟಿಯ ಮೇಲೆ ಹಾಜರು. ಭಜನೆಯ ಹಿರಿಯರೊಬ್ಬರು, "ನಾವರ ಹಾಡಬಹುದೇನಪಾ?" ಎಂದು ನನ್ನ ಅಪ್ಪಣೆ ಕೇಳಿದ್ದು ಈಗಲೂ ಊರಲ್ಲಿ ನಗೆಯ ಮಾತು.

ಅಪ್ಪ ಹಾಡುವವನಲ್ಲ. ಮೇಳದವರಿಗೆ ಗೋಧಿ ಹುಗ್ಗಿ ಮಾಡಿಸುವ ಕೆಲಸ ಅವನದು. ಒಲೆ ಹೂಡಿದ್ದ ಮೂಲೆಯ ಮೈಕಿನ ಹತ್ತಿರ ಅವನು ಓಡಾಡಿಕೊಂಡಿದ್ದ. ಅಷ್ಟು ಮಾತ್ರ ನನಗೆ ನೆನಪು.

ಮುಂದೆ ಎರಡು ತಿಂಗಳಿಗೆ ವಿರುಪಣ್ಣನವರು ಡಿಸ್ಕು ಕೈಗಿಟ್ಟರು. ಮೇಳದವರಿಗೆಲ್ಲ ಎರಡು ಸ್ಪೀಕರಿನ ಸೀಡಿ ಮಾಡಿಕೊಟ್ಟಿದ್ದರು. ಅದರಲ್ಲಿ ಮುಂದಿನ ಎರಡು ಮೈಕುಗಳ ಸದ್ದು ಮಾತ್ರ. ನಾಲ್ಕೂ ಮೂಲೆಯಿರುವ ಡಿಸ್ಕು ಒಂದೇ, ನನ್ನದು. "ಹಿಂದಿನ ಎಡಕಿನ ಸ್ಪೀಕರಿನ್ಯಾಗ ನಿಮ್ಮಪ್ಪಾರು ಅದಾರ್ರಿ. ಕಡೀ ಹಾಡಿನ್ಯಾಗ. ಕುಂತು ಕೇಳ್ರಿ" ಎಂದರು. ಕರೆಂಟು ಹೋಗಿತ್ತು. ಕಾಯಿರಿ ಎಂದರು. ಕುಷ್ಟಗಿಯ ಬಸ್ಸು ತಪ್ಪಿದರೆ ಎಂಬ ಯೋಚನೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಆ ಅಂಗಡಿಯಿಂದ ಕುಳಿತು ಕೇಳದೆ ಹೊರಬಿದ್ದ ಡಿಸ್ಕು ನನಗೆ ತಿಳಿದಂತೆ ಅದೊಂದೇ.

ಊರಿಗೆ ಹೋದಾಗ ವಿಷಯ ಹೇಳಿದೆ. ಅಪ್ಪ ಹುಡುಗನಂತೆ ನಾಚಿಕೊಂಡ. "ಅದರಾಗ ನಾ ಏನಂದೀನಪಾ? ನನಗರ ನೆಪ್ಪಿಲ್ಲ. ಹಚ್ಚಿ ಕೇಳಸು ನೋಡೂಣು."

"ಐದು ಸ್ಪೀಕರಿನ ಸೆಟ್ ತರತೀನಿ ತಡಿಯಪ್ಪಾ. ಸುಮ್ಮನ ಎರಡರಾಗ ಹಚ್ಚಿದ್ರ ನೀನು ಕೇಳಸಂಗಿಲ್ಲ" ಎಂದೆ.

ಅಪ್ಪ ಮೂರು ವರ್ಷ ತಡೆದ. ಸೆಟ್ಟು ಅವನು ಹೋದ ಮರುವರ್ಷ ಬಂತು. ಬಂದ ಮೇಲೆ ನನಗೆ ಧೈರ್ಯ ಬರಲಿಲ್ಲ. ಇಂದು ಬೇಡ, ಮನಸ್ಸು ಸರಿಯಿಲ್ಲ. ನಾಳೆ ಬೇಡ, ಲೆನ್ಸು ಒರೆಸಿಲ್ಲ. ಹೀಗೆ ದಿನ ತಳ್ಳುತ್ತಿರುವಾಗ ಕೊಪ್ಪಳದ ಬಾಡಿಗೆ ಮನೆಯ ಇಲಿಗಳು ಹಿಂದಿನ ಸ್ಪೀಕರುಗಳ ವೈರನ್ನೂ, ಕಾಲವು ಪ್ಲೇಯರನ್ನೂ ತಿಂದುಹಾಕಿದವು. ಕಂಪ್ಯೂಟರಿಗೆ ಹಾಕಿಸಿ ನಕಲು ತೆಗೆಸಬಹುದಿತ್ತು ಎಂದು ನಿಮಗನ್ನಿಸಬಹುದು. ಹಾಕಿ ತೆಗೆಯುವವನ ಬೆರಳು ಜಾರಿದರೆ? ಡಿಸ್ಕು ಕಪಾಟಿನಲ್ಲಿ ಹೆಂಡತಿಯ ಇಳಕಲ್ಲ ಸೀರೆಯ ಜೋಡಿ ಬಂದ ಖಣವನ್ನು ಹೊದ್ದು ಮಲಗಿತು. "ಅದಕ್ಕ ಹೊಚ್ಚಿದಷ್ಟು ಕಾಳಜೀಲೆ ನೀವು ಮಕ್ಕಳಿಗೂ ಹೊಚ್ಚಿಲ್ಲ ಬಿಡ್ರಿ" ಎನ್ನುತ್ತಾಳೆ ಆಕೆ, ಖಣ ಕೇಳಿದಾಗಲೆಲ್ಲ.

ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಆ ಜಾಗದಲ್ಲಿ ಈಗ ಹೆಲ್ಮೆಟ್ ಮಾರುತ್ತಾರೆ. ಕಿವಿ ತೆರೆಸುತ್ತಿದ್ದ ಜಾಗದಲ್ಲಿ ಕಿವಿ ಮುಚ್ಚುವ ವ್ಯಾಪಾರ. ಕುರ್ಚಿ, ಸ್ಪೀಕರು ಎಲ್ಲವನ್ನೂ ವಿರುಪಣ್ಣನವರು ತಮ್ಮ ಮನೆಯ ಮಾಳಿಗೆಯ ಕೋಣೆಗೆ ಸಾಗಿಸಿದ್ದರು. ಕಳೆದ ತಿಂಗಳು ಅವರ ಫೋನು ಬಂತು. ಸೆಟ್ಟನ್ನು ಕಾರಟಗಿಯ ಕಲ್ಯಾಣಮಂಟಪದವರು ಒಯ್ಯುತ್ತಾರಂತೆ. ಪ್ಲೇಯರಿನ ಲೆನ್ಸು ಸೋತಿದೆಯಂತೆ, ಒಂದು ಡಿಸ್ಕು ಓದಿದರೆ ಮೂರಕ್ಕೆ ಮುನಿಸಿಕೊಳ್ಳುತ್ತದಂತೆ. "ಈ ಶನಿವಾರ ಬಂದ್ರ ಬಂದ್ರಿ. ಆಮ್ಯಾಲೆ ನನ್ನ ಕಡೆ ಬರೇ ಕುರ್ಚಿ ಇರತೈತಿ."

ಹೀಗೆ ನಾನು ಆ ಬಸ್ಸು ಹತ್ತಿದೆ.

ಬಸ್ಸು ಕೆಡಲಿಲ್ಲ. ಹತ್ತು ನಿಮಿಷ ಮೊದಲೇ ತಲುಪಿ ನನ್ನ ಚಿಂತೆಗಳ ವೇಳಾಪಟ್ಟಿಯನ್ನು ಅಸ್ತವ್ಯಸ್ತ ಮಾಡಿತು. ಭಕ್ತರು ಬೇರೆ ಬಸ್ಸಿನಲ್ಲಿ ಹೋಗಿದ್ದರು. ಕರೆಂಟಿತ್ತು. ವಿರುಪಣ್ಣನವರು ಬಾಗಿಲಲ್ಲೇ ನಿಂತಿದ್ದರು; ತೆಳ್ಳಗಾಗಿದ್ದರು, ಆದರೆ ಮಾಳಿಗೆಯ ಮೆಟ್ಟಿಲನ್ನು ನನಗಿಂತ ಮೊದಲು ಹತ್ತಿದರು. ಕುರ್ಚಿ ಅಲ್ಲಿತ್ತು, ಹಗ್ಗ ಬಿಗಿದುಕೊಂಡೇ ಇತ್ತು. ಖಣ ಬಿಚ್ಚಿ, ಡಿಸ್ಕನ್ನು ಬೆಳಕಿಗೆ ಹಿಡಿದು, ಮೆತ್ತನ್ನ ಅರಿವೆಯಿಂದ ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಿದರು. ದುಂಡಗೆ ಒರೆಸುವವರನ್ನು ಅವರು ಅಂಗಡಿಯಿಂದಲೇ ಓಡಿಸುತ್ತಿದ್ದರು. "ಮಕ್ಕಳ ಕೆನ್ನಿ ಇದ್ದಂಗ ಐತ್ರಿ. ಒಮ್ಮೆನೂ ಹಚ್ಚಿಲ್ಲೇನು?"

ಇಲ್ಲವೆಂದೆ. ಅವರು ಬೈಯುವುದನ್ನು ಬಿಟ್ಟು ಕುರ್ಚಿಯ ಧೂಳು ಒರೆಸಿದರು.

ಪ್ಲೇಯರು ಡಿಸ್ಕನ್ನು ನುಂಗಿತು. ಕರಕರ ಎಂದಿತು. ಆಮೇಲೆ ಆ ಮಾಳಿಗೆಯ ಕೋಣೆ ನಮ್ಮೂರಿನ ಗುಡಿಯಾಯಿತು. ಬಲಕ್ಕೆ ಹಾರ್ಮೋನಿಯಂ, ಎದುರಿಗೆ ದಮ್ಮಡಿ, ಸುತ್ತ ತಾಳ. ಆ ದನಿಗಳಲ್ಲಿ ನಾಲ್ಕು ಈಗ ಊರಲ್ಲಿಲ್ಲ, ಎಲ್ಲಿಯೂ ಇಲ್ಲ. ಹಿಂದಿನ ಬಲದಲ್ಲಿ ಬೇವಿನ ಮರದ ಕಾಗೆ, ನನ್ನ ಕಾವಲಿಗೆ ಅಂಜದ ಏಕಮಾತ್ರ ಪ್ರಾಣಿ. ಕಡೆಯ ಹಾಡು ಶುರುವಾದಾಗ ನಾನು ಎದ್ದು ಹಗ್ಗ ಬಿಚ್ಚಿದೆ.

"ಮಾರಿ ಮುಂದಿರಬೇಕ್ರಿ ಮಾಸ್ತರ್ರ. ಇಲ್ಲಂದ್ರ ಲೆಕ್ಕ ತಪ್ಪತೈತಿ."

"ಇರ್ಲಿ ಬಿಡ್ರಿ" ಎಂದು ಕುರ್ಚಿಯನ್ನು ಹಿಂದಿನ ಎಡಗಡೆಯ ಸ್ಪೀಕರಿಗೆ ಎದುರಾಗಿ ತಿರುಗಿಸಿ ಕುಳಿತೆ.

ಎರಡನೆಯ ನುಡಿಯ ಹೊತ್ತಿಗೆ ಕಾಲಸಪ್ಪಳ ಬಂತು. ಹುಗ್ಗಿಯ ಪಾತ್ರೆಗೆ ಸೌಟು ತಗುಲಿದ ಸದ್ದು. ಗಂಟಲು ಸರಿಮಾಡಿಕೊಂಡದ್ದು, ಅದು ಅವನೇ, ಆ ಗಂಟಲನ್ನು ನಾನು ಯಾವ ಸಂತೆಯಲ್ಲಾದರೂ ಗುರುತಿಸಬಲ್ಲೆ. ಆಮೇಲೆ ಬಹಳ ಹತ್ತಿರದಿಂದ, ಮೊಣಕಾಲು ಮುಟ್ಟುವಷ್ಟು ಹತ್ತಿರದಿಂದ, ಅಪ್ಪ ಮೆಲ್ಲಗೆ ಹೇಳಿದ: "ತಮ್ಮಾ, ನೀ ಇನ್ನಾ..."

"ಶ್ಶ್."

ಅಷ್ಟೇ. ಮೂರನೆಯ ನುಡಿ ಬಂತು, ತಾಳ ಏರಿತು. ಕಾಲಸಪ್ಪಳ ದೂರ ಹೋಯಿತು. ಮುಂದೆ ಅಪ್ಪ ಮಾತಾಡಲಿಲ್ಲ.

ವಿರುಪಣ್ಣನವರು ಡಿಸ್ಕು ನಿಲ್ಲಿಸಿ, "ಆ ಶ್ಶ್ ಅಂದಾವ ಯಾಂವ ಇದ್ದಾನೋ. ಅವತ್ತ ಅದನ್ನ ಕತ್ತರಿಸಿ ಒಗೀಬೇಕಂತ ಮಾಡಿದ್ದೆ. ಅದನ್ನ ತೆಗದ್ರ ಅದರ ಜೋಡಿ ನಿಮ್ಮಪ್ಪಾರೂ ಹೋಗ್ತಾರಂತ ಬಿಟ್ಟೆ" ಎಂದರು.

"ನಾನ ರೀ" ಎಂದೆ.

ಅವರು, ನಾನು ಕೇಳದೆಯೇ ಮತ್ತೆ ಅದೇ ಹಾಡು ಹಚ್ಚಿದರು. ಲೆನ್ಸು ಅಂದು ಮುನಿಸಿಕೊಳ್ಳಲಿಲ್ಲ; ಮೂರು ಸಲ ಓದಿತು, ಮೂರು ಸಲವೂ ಅಪ್ಪ ಅಲ್ಲಿಗೇ ನಿಂತ. ನೀ ಇನ್ನಾ ಉಂಡಿಲ್ಲ ಎನ್ನಲಿದ್ದನೋ, ಇನ್ನಾ ನಿಂತೇ ಇದ್ದೀಯಲ್ಲ ಎನ್ನಲಿದ್ದನೋ. ಬದುಕಿಡೀ ಮುಂದೇನಾದೀತೆಂದು ಊಹಿಸುತ್ತ ಬಂದವನಿಗೆ ಈ ಒಂದು ವಾಕ್ಯದ ಮುಂದಿನದು ಊಹೆಗೆ ಸಿಗಲಿಲ್ಲ. ಮೂರನೆಯ ಸಲ, ಸರಿಯಾಗಿ ಸೌಟಿನ ಸದ್ದಿನ ಹೊತ್ತಿಗೆ, ವಿರುಪಣ್ಣನವರ ಮನೆಯವರು ಚಹದ ತಾಟು ಹಿಡಿದು ಬಾಗಿಲಲ್ಲಿ ಬಂದು, "ಮಾಸ್ತರ್ರ, ಸಕ್ರಿ ನಡೀತೈತೋ, ನಿಮಗೂ ನಮ್ಮವರಂಗ ಸಕ್ರಿ ಜಡ್ಡು ಬಂದೈತೋ? ಮತ್ತ ಉಂಡ ಹೋಗ್ರಿ, ರೊಟ್ಟಿ ಮಾಡಾಕತ್ತೀನಿ" ಎಂದು ಪೂರಾ ಕೇಳಿದರು. ನನ್ನ ಬೆರಳು ಅರ್ಧ ಎದ್ದಿತ್ತು. ಅದನ್ನು ಮಡಚಿ, "ನಡೀತೈತ್ರಿ ಅಕ್ಕಾ, ಉಂಡೇ ಹೋಗ್ತೀನಿ" ಎಂದೆ.

ತಿರುಗಿ ಬರುವ ಬಸ್ಸೂ ಕೆಡಲಿಲ್ಲ. ಬಿಸಿಲು ಬೇರೆ ಬದಿಗಿತ್ತು. ಡಿಸ್ಕು ಬಾಗಿಲ್ಲ, ಬೂಸರು ಹಿಡಿದಿಲ್ಲ, ವಿರುಪಣ್ಣನವರ ಬಿ.ಪಿ. ಹತೋಟಿಯಲ್ಲಿದೆ, ನನ್ನ ಕಿವಿಯೂ ಬೇಕಾದದ್ದಕ್ಕಿಂತ ಚೆನ್ನಾಗಿಯೇ ಇದೆ. ಕೆಟ್ಟದ್ದು ಒಂದೇ, ಅದೂ ಬಹಳ ವರ್ಷಗಳ ಹಿಂದೆ, ಅರ್ಧ ಕ್ಷಣ: ಸದ್ದಾಗದಂತೆ ನೋಡಿಕೊಳ್ಳಲು ನಿಲ್ಲಿಸಿದ್ದ ಮನುಷ್ಯ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದ.